ಬಾಕಿ ಬಿಲ್ಲಿನ ಕ್ರಾಂತಿ

ಕ್ರಿಸ್ತಪೂರ್ವ 499ರಲ್ಲಿ ಮಿಲೀಟಸ್ ಪಟ್ಟಣದ ನಿರಂಕುಶ ದೊರೆ ಅರಿಸ್ಟಾಗೊರಸ್‌ಗೆ ಇದ್ದಕ್ಕಿದ್ದಂತೆ ಪ್ರಜೆಗಳ ಮೇಲೆ ಪ್ರೀತಿ ಉಕ್ಕಿತು. ಅಧಿಕಾರ ಕೆಳಗಿಟ್ಟ. ಇನ್ನು ಮುಂದೆ ಎಲ್ಲರೂ ಸಮಾನರು, ಪರ್ಷಿಯನ್ನರ ದಾಸ್ಯ ಸಾಕು ಎಂದು ಸಾರಿದ. ಅಲ್ಲಿಯವರೆಗೆ ಆ ದಾಸ್ಯದ ಸ್ಥಳೀಯ ಏಜೆಂಟ್ ತಾನೇ ಆಗಿದ್ದ ಸಂಗತಿಯನ್ನು ಮಾತ್ರ ಭಾಷಣದಲ್ಲಿ ಸೇರಿಸಲಿಲ್ಲ. ಚರಿತ್ರೆ ಬರೆದ ಹೆರೊಡೋಟಸ್ ಇಂಥದ್ದನ್ನೆಲ್ಲ ಬಿಡುವ ಆಸಾಮಿಯಲ್ಲ. ಅರಿಸ್ಟಾಗೊರಸ್ ಅಧಿಕಾರ ಬಿಟ್ಟದ್ದು ಬಾಯಿಮಾತಿಗೆ ಎಂದು ದಾಖಲಿಸಿಟ್ಟಿದ್ದಾನೆ.

ಇದಕ್ಕೆ ಅಯೋನಿಯನ್ ದಂಗೆ ಎಂದು ಹೆಸರು. ಈಗಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿದ್ದ ಗ್ರೀಕ್ ಪಟ್ಟಣಗಳು ಪರ್ಷಿಯಾದ ಚಕ್ರವರ್ತಿ ಡೇರಿಯಸ್ ವಿರುದ್ಧ ಎದ್ದುನಿಂತು, ವರ್ಷಗಟ್ಟಲೆ ಹೊಡೆದಾಡಿ, ಕೊನೆಗೆ ನೆಲಕಚ್ಚಿದ ಕಥೆ. ಮುಂದಿನ ಮ್ಯಾರಥಾನ್, ಥರ್ಮಾಪಿಲೆಗಳಿಗೆಲ್ಲ ಇದೇ ಪೀಠಿಕೆ. ವೀರಗಾಥೆ ಕಟ್ಟಿ ಹಾಡಲು ಬೇಕಾದ್ದೆಲ್ಲ ಇದರಲ್ಲಿದೆ. ತೊಂದರೆ ಏನೆಂದರೆ, ವೀರಗಾಥೆಯ ಜೊತೆಗೆ ಖರ್ಚಿನ ಲೆಕ್ಕವೂ ಉಳಿದುಬಿಟ್ಟಿದೆ.

ಲೆಕ್ಕ ಶುರುವಾಗುವುದು ನಾಕ್ಸೋಸ್ ದ್ವೀಪದಲ್ಲಿ. ಅಲ್ಲಿನ ಜನ ತಮ್ಮ ಊರಿನ ಸಿರಿವಂತರನ್ನು ಓಡಿಸಿದ್ದರು. ಈ ಸಿರಿವಂತರಿಗೆ ಗ್ರೀಕರು ಇಟ್ಟಿದ್ದ ಹೆಸರೇ ‘ದಪ್ಪನವರು’. ದಪ್ಪನವರು ಮಿಲೀಟಸ್‌ಗೆ ಬಂದು ಅರಿಸ್ಟಾಗೊರಸ್ ಮುಂದೆ ಕಣ್ಣೀರು ಹಾಕಿದರು. ಅವನಿಗೆ ಅವರ ಕಣ್ಣೀರಿಗಿಂತ ಅವರ ದ್ವೀಪ ಚೆನ್ನಾಗಿ ಕಂಡಿತು. ಇವರನ್ನು ವಾಪಸ್ ಕೂರಿಸಿದರೆ ದ್ವೀಪ ತನ್ನದೇ ತಾನೆ? ಆದರೆ ಸೈನ್ಯ? ಸಾರ್ಡಿಸ್‌ನಲ್ಲಿ ಡೇರಿಯಸ್‌ನ ಸೋದರ ಆರ್ಟಾಫರ್ನಿಸ್ ಪ್ರಾಂತ್ಯಾಧಿಕಾರಿಯಾಗಿ ಕೂತಿದ್ದ. ಅರಿಸ್ಟಾಗೊರಸ್ ನೇರ ಅಲ್ಲಿಗೆ ಹೋಗಿ ಯೋಜನೆ ಬಿಚ್ಚಿಟ್ಟ: ಮೊದಲು ನಾಕ್ಸೋಸ್, ಆಮೇಲೆ ಪಾರೋಸ್, ಆಂಡ್ರೋಸ್, ಸುತ್ತಲಿನ ದ್ವೀಪಗಳು, ಅಲ್ಲಿಂದ ಯುಬೋಯಾ. ಎಲ್ಲ ಸುಲಭ, ಹತ್ತಿರ, ಲಾಭದ ಬಾಬ್ತು. ಸೈನ್ಯದ ಖರ್ಚು ನಾವೇ ನೋಡಿಕೊಳ್ಳುತ್ತೇವೆ, ನಿಮಗೆ ಪ್ರತ್ಯೇಕ ಕಾಣಿಕೆಯೂ ಉಂಟು, 100 ಹಡಗು ಕೊಟ್ಟರೆ ಸಾಕು. ಆರ್ಟಾಫರ್ನಿಸ್‌ಗೆ ಯೋಜನೆ ಎಷ್ಟು ಹಿಡಿಸಿತೆಂದರೆ 200 ಹಡಗು ಮಂಜೂರು ಮಾಡಿದ. ಕೇಳಿದ್ದಕ್ಕಿಂತ ದುಪ್ಪಟ್ಟು ಮಂಜೂರಾದ ಕಾಮಗಾರಿಯ ಗತಿ ಏನಾಗುತ್ತದೆಂದು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ.

ಗಮನಿಸಿ. ಮುಂದೆ ಪ್ರಜಾಪ್ರಭುತ್ವದ ಬಾವುಟ ಹಿಡಿಯಲಿರುವ ಈ ಮಹಾನುಭಾವ ಹೊರಟಿದ್ದು ಜನ ಕಟ್ಟಿಕೊಂಡ ಆಡಳಿತವೊಂದನ್ನು ಕೆಡವಿ ದಪ್ಪನವರನ್ನು ಮತ್ತೆ ಕೂರಿಸಲು. ಅದೂ ಪರ್ಷಿಯನ್ ಹಡಗಿನಲ್ಲಿ.

ಹಡಗುಪಡೆಯ ಸೇನಾಪತಿ ಮೆಗಾಬೇಟಿಸ್, ರಾಜಮನೆತನದವನು. ಒಂದು ರಾತ್ರಿ ಪಹರೆ ನೋಡಲು ಹೊರಟರೆ ಮಿಂಡೋಸ್ ಎಂಬ ಊರಿನ ಹಡಗಿನಲ್ಲಿ ಕಾವಲುಗಾರನೇ ಇಲ್ಲ. ಅದರ ನಾಯಕ ಸ್ಕೈಲಾಕ್ಸ್‌ನನ್ನು ಹಿಡಿದು, ಹುಟ್ಟು ಹಾಕುವ ಕಿಂಡಿಯಲ್ಲಿ ಅವನ ತಲೆ ಹೊರಕ್ಕೆ, ಮೈ ಒಳಕ್ಕೆ ಇರುವಂತೆ ಕಟ್ಟಿಸಿದ. ಸ್ಕೈಲಾಕ್ಸ್ ಅರಿಸ್ಟಾಗೊರಸ್‌ನ ಗೆಳೆಯ. ಅರಿಸ್ಟಾಗೊರಸ್ ಬಿಡಿ ಎಂದು ಕೇಳಿದ, ಮೆಗಾಬೇಟಿಸ್ ಬಿಡಲಿಲ್ಲ. ಅರಿಸ್ಟಾಗೊರಸ್ ತಾನೇ ಹೋಗಿ ಬಿಚ್ಚಿದ. ಯಾರಿಗೆ ಯಾರು ಮೇಲಧಿಕಾರಿ ಎಂಬ ಪ್ರಶ್ನೆ ಎದ್ದಿತು. ಇಡೀ ದಂಡಯಾತ್ರೆಯಲ್ಲಿ ಜೋರಾಗಿ ನಡೆದ ಕದನ ಇದೊಂದೇ ಎನ್ನಬಹುದು. ಸಿಟ್ಟಿಗೆದ್ದ ಮೆಗಾಬೇಟಿಸ್ ನಾಕ್ಸೋಸ್‌ನವರಿಗೇ ಮುನ್ಸೂಚನೆ ಕಳಿಸಿಬಿಟ್ಟ ಎನ್ನುತ್ತಾನೆ ಹೆರೊಡೋಟಸ್. ಅದನ್ನು ನಾನು ಪೂರ್ತಿ ನಂಬುವುದಿಲ್ಲ, 200 ಹಡಗು ಹೊರಟ ಸುದ್ದಿ ತಿಳಿಯಲು ಸೇನಾಪತಿಯ ಚೀಟಿ ಬೇಕೇ? ಹೇಗೋ, ದ್ವೀಪದವರು ದವಸ ಒಳಗೆ ಸಾಗಿಸಿ ಬಾಗಿಲು ಹಾಕಿಕೊಂಡರು. ನಾಲ್ಕು ತಿಂಗಳು ಮುತ್ತಿಗೆ ನಡೆಯಿತು. ಪರ್ಷಿಯನ್ನರು ತಂದ ಹಣ ಮುಗಿಯಿತು, ಅರಿಸ್ಟಾಗೊರಸ್ ಕೈಯಿಂದ ಹಾಕಿದ್ದೂ ಕರಗಿತು. ದಪ್ಪನವರಿಗೆ ಒಂದು ಕೋಟೆ ಕಟ್ಟಿಕೊಟ್ಟು ಎಲ್ಲರೂ ಬರಿಗೈಲಿ ಮನೆಗೆ ಬಂದರು.

ಈಗ ಅರಿಸ್ಟಾಗೊರಸ್ ಕುಳಿತು ಲೆಕ್ಕ ಹಾಕಿದ. ಖರ್ಚು ತನ್ನದು ಎಂದು ಹೇಳಿದ್ದಾಗಿದೆ, ಕೊಡಲು ದುಡ್ಡಿಲ್ಲ. ಮಾತು ಕೊಟ್ಟ ದ್ವೀಪ ಸಿಕ್ಕಿಲ್ಲ. ರಾಜವಂಶದವನ ಜೊತೆ ಜಗಳವಾಗಿದೆ. ಕುರ್ಚಿ ಹೋಗುವುದು ಗ್ಯಾರಂಟಿ, ತಲೆ ಉಳಿಯುವುದು ಅನುಮಾನ. ಇಂಥ ಸಂಕಟದಲ್ಲಿ ಮನುಷ್ಯನಿಗೆ ಸ್ವಾತಂತ್ರ್ಯದ ನೆನಪಾಗುವುದು ಸಹಜ.

ಅದೇ ಹೊತ್ತಿಗೆ ಮಾವನ ಓಲೆಯೂ ಬಂತು. ಓಲೆ ಎಂದರೆ ಓಲೆಯಲ್ಲ, ಒಂದು ತಲೆ. ಮಾವ ಹಿಸ್ಟಿಯಾಯಸ್ ಮಿಲೀಟಸ್‌ನ ನಿಜವಾದ ದೊರೆ, ಅಳಿಯ ಅವನ ಜಾಗದಲ್ಲಿ ಕೂತಿದ್ದವನು. ವರ್ಷಗಳ ಹಿಂದೆ ಡೇರಿಯಸ್ ಸಿಥಿಯನ್ನರ ಮೇಲೆ ದಂಡೆತ್ತಿ ಹೋದಾಗ ಡ್ಯಾನ್ಯೂಬ್ ನದಿಯ ದೋಣಿ ಸೇತುವೆಯನ್ನು ಕಾಯಲು ಅಯೋನಿಯಾದ ದೊರೆಗಳನ್ನು ಬಿಟ್ಟಿದ್ದ. ಹಗ್ಗಕ್ಕೆ 60 ಗಂಟು ಹಾಕಿ, ದಿನಕ್ಕೊಂದು ಬಿಚ್ಚಿ, ಮುಗಿಯುವಷ್ಟರಲ್ಲಿ ನಾನು ಬಾರದಿದ್ದರೆ ಮನೆಗೆ ಹೋಗಿ ಎಂದಿದ್ದ. ಗಂಟು ಮುಗಿದವು, ಚಕ್ರವರ್ತಿ ಬರಲಿಲ್ಲ, ಬದಲಿಗೆ ಸಿಥಿಯನ್ನರು ಬಂದು ಸೇತುವೆ ಕಿತ್ತುಹಾಕಿ, ಸ್ವತಂತ್ರರಾಗಿ ಎಂದರು. ಅಥೆನ್ಸ್ ಮೂಲದ ಮಿಲ್ಟಿಯಾಡಿಸ್ ಹೂಂ ಎಂದ. ಆಗ ಹಿಸ್ಟಿಯಾಯಸ್ ಎದ್ದು ಎಲ್ಲರಿಗೂ ನಾಟುವ ಒಂದು ಮಾತು ಹೇಳಿದ: ನಮ್ಮಲ್ಲಿ ಒಬ್ಬೊಬ್ಬನೂ ಕುರ್ಚಿಯಲ್ಲಿರುವುದು ಡೇರಿಯಸ್ ದಯೆಯಿಂದ, ಅವನು ಹೋದರೆ ಪ್ರತಿ ಊರೂ ಜನರ ಆಡಳಿತವನ್ನೇ ಕೇಳುತ್ತದೆ. ಸಭೆ ತಟ್ಟನೆ ಒಮ್ಮತಕ್ಕೆ ಬಂತು. ಸಿಥಿಯನ್ನರಿಗೆ ಕಾಣುವಂತೆ ಅವರ ದಡದ ಕಡೆ ಬಾಣದೆಸೆತದಷ್ಟು ಉದ್ದ ಸೇತುವೆ ಬಿಚ್ಚಿ, ಉಳಿದದ್ದನ್ನು ಹಾಗೇ ಇಟ್ಟರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಡೇರಿಯಸ್ ಬದುಕಿ ಬಂದ.

ಬಹುಮಾನವಾಗಿ ಹಿಸ್ಟಿಯಾಯಸ್‌ಗೆ ಥ್ರೇಸ್‌ನ ಮಿರ್ಕಿನೋಸ್ ಸಿಕ್ಕಿತು. ಹಡಗಿಗೆ ಮರ, ಹತ್ತಿರದಲ್ಲೇ ಬೆಳ್ಳಿ ಗಣಿ. ಇಂಥ ಜಾಗ ಇಂಥ ಚಾಣಾಕ್ಷನಿಗೆ ಕೊಡುವುದೇ ಎಂದು ಒಬ್ಬ ಸೇನಾಪತಿ ಕಿವಿಯೂದಿದ. ಡೇರಿಯಸ್ ಸಿಟ್ಟಾಗಲಿಲ್ಲ. ನಿನ್ನಂಥ ಗೆಳೆಯ ನನ್ನ ಪಕ್ಕದಲ್ಲೇ ಇರಬೇಕು, ರಾಜಧಾನಿ ಸೂಸಾಗೆ ಬಾ, ಒಂದೇ ಪಂಕ್ತಿಯಲ್ಲಿ ಊಟ ಮಾಡೋಣ ಎಂದು ಕರೆದೊಯ್ದ. ಸಲಹೆಗಾರ ಹುದ್ದೆ, ಸಕಲ ಸೌಕರ್ಯ, ಊರಿಗೆ ಹೋಗುವಂತಿಲ್ಲ. ಬೇಡದವನನ್ನು ಮೇಲಕ್ಕೆ ಎತ್ತಿ ಕೂರಿಸುವ ಈ ವಿದ್ಯೆಯಲ್ಲಿ ಎರಡೂವರೆ ಸಾವಿರ ವರ್ಷಗಳಲ್ಲಿ ನಾವು ಏನನ್ನೂ ಹೊಸದಾಗಿ ಸೇರಿಸಿಲ್ಲ.

ಸೂಸಾದ ಊಟ ಸಾಕಾದ ಮಾವ ಒಬ್ಬ ನಂಬಿಕಸ್ಥ ಗುಲಾಮನ ತಲೆ ಬೋಳಿಸಿ, ಬುರುಡೆಯ ಮೇಲೆ ಹಚ್ಚೆ ಹಾಕಿಸಿ, ಕೂದಲು ಬೆಳೆಯುವ ತನಕ ಕಾದು, ಅಳಿಯನ ಬಳಿಗೆ ಕಳಿಸಿದ. ತಲೆ ಬೋಳಿಸಿ ನೋಡು ಎನ್ನುವುದಷ್ಟೇ ಗುಲಾಮನಿಗೆ ಗೊತ್ತಿದ್ದ ವಿಷಯ. ನೋಡಿದರೆ, ದಂಗೆ ಏಳು ಎಂದಿತ್ತು. ದೇಶಭಕ್ತಿ ಏನಲ್ಲ, ಕರಾವಳಿಯಲ್ಲಿ ಗಲಾಟೆಯಾದರೆ ಅದನ್ನು ಅಡಗಿಸಲು ತನ್ನನ್ನೇ ಕಳಿಸುತ್ತಾರೆ, ಊರಿಗೆ ಹೋಗಬಹುದು ಎಂಬ ಆಸೆ. ಒಬ್ಬನಿಗೆ ಬಿಲ್ಲು ಕಟ್ಟಲಾಗದು, ಇನ್ನೊಬ್ಬನಿಗೆ ರಜೆ ಸಿಗದು. ಅಯೋನಿಯಾದ ಸ್ವಾತಂತ್ರ್ಯ ಸಂಗ್ರಾಮದ ಎರಡು ಕಂಬಗಳು ಇವು.

ಹೆರೊಡೋಟಸ್‌ಗೆ ಅಯೋನಿಯನ್ನರ ಮೇಲೆ ಅಷ್ಟೇನೂ ಪ್ರೀತಿ ಇರಲಿಲ್ಲ, ಆದ್ದರಿಂದ ಅವನ ಮಾತನ್ನು ಸ್ವಲ್ಪ ರಿಯಾಯಿತಿ ಹಿಡಿದೇ ಕೇಳಬೇಕು. ಇಬ್ಬರ ಕುತಂತ್ರಕ್ಕೆ ಇಡೀ ಕರಾವಳಿ ಏಳುವುದಿಲ್ಲ. ಅಯೋನಿಯನ್ನರು, ಕೇರಿಯನ್ನರು, ಲಿಸಿಯನ್ನರು ಇತ್ಯಾದಿ ಎಲ್ಲರೂ ಸೇರಿದ ವಿಭಾಗದ ಮೇಲೆ ಡೇರಿಯಸ್ ಹಾಕಿದ್ದ ಕಪ್ಪ ವರ್ಷಕ್ಕೆ 400 ಟ್ಯಾಲೆಂಟ್, ಎಂದರೆ ಹತ್ತು ಟನ್‌ಗೂ ಮಿಕ್ಕಿದ ಬೆಳ್ಳಿ. ಅದರ ಮೇಲೆ ಪ್ರತಿ ಊರಿಗೊಬ್ಬ ಪರ್ಷಿಯನ್ ಕೃಪಾಪೋಷಿತ ದೊರೆ. ಜನರ ಹೊಟ್ಟೆಯುರಿ ನಿಜವಾದದ್ದು. ಮಿಟಿಲೀನಿಯ ಜನ ತಮ್ಮ ದೊರೆ ಕೊಯೀಸ್ ಕೈಗೆ ಸಿಕ್ಕಿದ್ದೇ ತಡ ಊರಾಚೆ ಎಳೆದೊಯ್ದು ಕಲ್ಲು ಹೊಡೆದು ಕೊಂದರು. ಉಳಿದ ಹೆಚ್ಚಿನ ಊರುಗಳವರು ಪಾಪ, ತಮ್ಮ ತಮ್ಮ ದೊರೆಗಳನ್ನು ಹೋಗಲಿ ಬಿಡು ಎಂದು ಬಿಟ್ಟುಬಿಟ್ಟರು. ಅವರೆಲ್ಲ ಮತ್ತೆ ಬರುತ್ತಾರೆ, ನೆನಪಿಟ್ಟುಕೊಳ್ಳಿ.

ಮಿಲೀಟಸ್‌ನ ಗುಪ್ತ ಸಭೆಯಲ್ಲಿ ಬೇಡ ಎಂದವನು ಒಬ್ಬನೇ, ಹೆಕಟೇಯಸ್. ಭೂಗೋಳ ಬರೆದವನು. ಡೇರಿಯಸ್ ಆಳುವ ಜನಾಂಗಗಳ ಪಟ್ಟಿಯನ್ನೇ ಓದಿ ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸರಿ, ದಂಗೆ ಏಳುವುದೇ ಆದರೆ ಕಡಲು ನಮ್ಮ ಕೈಲಿರಬೇಕು, ಅದಕ್ಕೆ ದುಡ್ಡು ಬೇಕು, ಡಿಡಿಮಾದ ದೇವಸ್ಥಾನದಲ್ಲಿ ಲಿಡಿಯಾದ ರಾಜ ಕ್ರೀಸಸ್ ಕೊಟ್ಟ ಚಿನ್ನ ಇದೆ, ಶತ್ರು ದೋಚುವ ಮೊದಲು ನಾವೇ ತೆಗೆದುಕೊಳ್ಳೋಣ ಎಂದ. ಛೇ, ದೇವರ ಹಣವೇ! ಭಕ್ತಾದಿಗಳು ಮುಟ್ಟಲಿಲ್ಲ. ಕೊನೆಗೆ ಪರ್ಷಿಯನ್ನರು ಬಂದು ಚಿನ್ನವನ್ನೂ ದೋಚಿ ದೇವಸ್ಥಾನಕ್ಕೂ ಬೆಂಕಿ ಇಟ್ಟರು.

ಅರಿಸ್ಟಾಗೊರಸ್ ನೆರವು ಕೇಳಲು ಸ್ಪಾರ್ಟಾಗೆ ಹೋದ. ಕೈಯಲ್ಲೊಂದು ಕಂಚಿನ ಫಲಕ, ಅದರ ಮೇಲೆ ಇಡೀ ಭೂಮಿ, ಸಮುದ್ರ, ನದಿಗಳನ್ನು ಕೊರೆದಿತ್ತು. ರಾಜ ಕ್ಲಿಯೋಮಿನಿಸ್ ಮುಂದೆ ಹರಡಿ, ಇಲ್ಲಿ ಲಿಡಿಯನ್ನರು, ಬೆಳ್ಳಿ ಜಾಸ್ತಿ, ಇಲ್ಲಿ ಫ್ರಿಜಿಯನ್ನರು, ಕುರಿ ಜಾಸ್ತಿ, ಇಗೋ ಸೂಸಾ, ಖಜಾನೆ ಇಲ್ಲೇ, ಗೆದ್ದರೆ ಸಿರಿಯಲ್ಲಿ ದೇವರಿಗೇ ಪೈಪೋಟಿ ಎಂದು ಬೆರಳಾಡಿಸಿದ. ನಕಾಶೆಯಲ್ಲಿ ಎಲ್ಲವೂ ಅಂಗೈಯಷ್ಟು ಹತ್ತಿರ. ಕ್ಲಿಯೋಮಿನಿಸ್ ಎರಡು ದಿನ ಯೋಚಿಸಿ ಒಂದೇ ಪ್ರಶ್ನೆ ಕೇಳಿದ: ಕಡಲತೀರದಿಂದ ಅಲ್ಲಿಗೆ ಎಷ್ಟು ದಿನದ ದಾರಿ? ಅರಿಸ್ಟಾಗೊರಸ್ ಜೀವಮಾನದಲ್ಲೇ ಒಮ್ಮೆ ನಿಜ ನುಡಿದುಬಿಟ್ಟ. ಮೂರು ತಿಂಗಳು. ಸೂರ್ಯ ಮುಳುಗುವ ಮೊದಲು ಊರು ಬಿಡು ಎಂಬ ಅಪ್ಪಣೆಯಾಯಿತು. ಬಿಟ್ಟನೇ? ಶರಣಾರ್ಥಿಯಂತೆ ಆಲಿವ್ ಕೊಂಬೆ ಹಿಡಿದು ರಾಜನ ಮನೆಯೊಳಕ್ಕೇ ನುಗ್ಗಿದ, ಹತ್ತು ಟ್ಯಾಲೆಂಟ್‌ನಿಂದ ಶುರುಮಾಡಿ ಐವತ್ತರ ತನಕ ಏರಿಸಿದ. ಸಾಲಗಾರನ ಬಳಿ ಐವತ್ತು ಟ್ಯಾಲೆಂಟ್ ಎಲ್ಲಿತ್ತು ಎಂದು ಕೇಳಬೇಡಿ, ಆಶ್ವಾಸನೆಗೆ ಖಜಾನೆ ಬೇಕಿಲ್ಲ. ಪಕ್ಕದಲ್ಲಿ ನಿಂತಿದ್ದ ಎಂಟೊಂಬತ್ತು ವರ್ಷದ ಮಗಳು ಗೊರ್ಗೊ, ಅಪ್ಪಾ ನೀನು ಎದ್ದು ಹೋಗದಿದ್ದರೆ ಈ ಪರದೇಶಿ ನಿನ್ನನ್ನು ಕೆಡಿಸುತ್ತಾನೆ ಎಂಬರ್ಥದ ಮಾತಾಡಿದಳು. ಅಪ್ಪ ಎದ್ದು ಹೋದ. ಈ ಇಡೀ ಪ್ರಕರಣದಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಎಂದು ಇದ್ದರೆ ಅದು ಆ ಹುಡುಗಿ ಒಬ್ಬಳೇ.

ಅಥೆನ್ಸ್‌ನಲ್ಲಿ ಕೆಲಸ ಸಲೀಸಾಯಿತು. ಅಲ್ಲಿ ರಾಜನಿರಲಿಲ್ಲ, ಸಭೆಯಿತ್ತು. ಒಬ್ಬ ಕ್ಲಿಯೋಮಿನಿಸ್‌ನನ್ನು ಮರುಳು ಮಾಡಲಾಗದವನು 30,000 ಅಥೆನ್ಸಿಗರನ್ನು ಮರುಳು ಮಾಡಿದ ಎಂದು ಹೆರೊಡೋಟಸ್ ಚಿವುಟುತ್ತಾನೆ. ಅವರಿಗೂ ಪರ್ಷಿಯಾ ಮೇಲೆ ಮುನಿಸಿತ್ತು, ತಾವು ಓಡಿಸಿದ ನಿರಂಕುಶ ದೊರೆ ಹಿಪ್ಪಿಯಾಸ್‌ನನ್ನು ಮತ್ತೆ ಕರೆಸಿಕೊಳ್ಳಿ ಎಂದು ಆರ್ಟಾಫರ್ನಿಸ್ ತಾಕೀತು ಮಾಡಿದ್ದ. 20 ಹಡಗು ಕೊಟ್ಟರು. ಯುಬೋಯಾದ ಎರೆಟ್ರಿಯಾ ಪಟ್ಟಣದವರು ಐದು ಕೊಟ್ಟರು, ಅದು ಮಾತ್ರ ಮಿಲೀಟಸ್‌ನವರ ಹಳೆಯ ಋಣ ತೀರಿಸಲು. ಈ ದಂಗೆಯಲ್ಲಿ ಬಾಕಿ ಚುಕ್ತಾ ಮಾಡಿದವರೆಂದರೆ ಅವರೇ.

ಕ್ರಿಸ್ತಪೂರ್ವ 498ರಲ್ಲಿ ಸೈನ್ಯ ಸಾರ್ಡಿಸ್ ಮೇಲೆ ನಡೆಯಿತು. ನಾಯಕ ಬರಲಿಲ್ಲ, ತಮ್ಮನನ್ನೂ ಇನ್ನೊಬ್ಬನನ್ನೂ ಕಳಿಸಿ ಮಿಲೀಟಸ್‌ನಲ್ಲೇ ಉಳಿದ. ಕೋಟೆಯೊಳಗೆ ಆರ್ಟಾಫರ್ನಿಸ್ ಕೂತಿದ್ದ, ಅದು ಬೀಳಲಿಲ್ಲ. ಊರಿನ ಮನೆಗಳು ಹೆಚ್ಚಾಗಿ ಜೊಂಡಿನವು, ಇಟ್ಟಿಗೆಯ ಮನೆಗಳಿಗೂ ಜೊಂಡಿನದೇ ಮಾಡು. ಯಾವನೋ ಸಿಪಾಯಿ ಒಂದು ಮನೆಗೆ ಬೆಂಕಿ ಹಚ್ಚಿದ, ಊರಿಗೂರೇ ಹೊತ್ತಿಕೊಂಡಿತು, ಜೊತೆಗೆ ಅಲ್ಲಿನ ದೇವಿ ಸಿಬೆಬೆಯ ಗುಡಿಯೂ. ಬೆಂಕಿಯಿಂದಾಗಿ ದೋಚಲೂ ಆಗದೆ ವಿಮೋಚಕರು ಕತ್ತಲಲ್ಲಿ ಹಿಂತಿರುಗಿದರು, ಎಫೆಸಸ್ ಬಳಿ ಪರ್ಷಿಯನ್ನರು ಅಟ್ಟಿಸಿಕೊಂಡು ಬಂದು ಬಡಿದರು. ಅಥೆನ್ಸಿಗರು ಹಡಗು ಹತ್ತಿ ಮನೆಗೆ ಹೋದರು. ಅರಿಸ್ಟಾಗೊರಸ್ ಎಷ್ಟು ದೂತರನ್ನು ಕಳಿಸಿದರೂ ತಿರುಗಿ ನೋಡಲಿಲ್ಲ.

ಸುದ್ದಿ ಕೇಳಿದ ಡೇರಿಯಸ್ ಮೊದಲು ಕೇಳಿದ್ದು ಅಥೆನ್ಸಿಗರು ಎಂದರೆ ಯಾರು ಎಂದು. ಇಷ್ಟು ದೊಡ್ಡ ಸಾಮ್ರಾಜ್ಯದಲ್ಲಿ ಇಂಥ ಚಿಲ್ಲರೆ ಹೆಸರು ಮರೆತುಹೋಗುತ್ತದೆಂದು ಗೊತ್ತಿದ್ದರಿಂದ, ಪ್ರತಿ ಊಟದ ಹೊತ್ತಿಗೆ ಮೂರು ಸಲ ಅವರನ್ನು ಜ್ಞಾಪಿಸಲು ಒಬ್ಬ ಆಳನ್ನು ನೇಮಿಸಿದನಂತೆ. ಪಂಕ್ತಿಯಲ್ಲೇ ಇದ್ದ ಹಿಸ್ಟಿಯಾಯಸ್, ಅಳಿಯ ಹೀಗೆ ಮಾಡಿದನೇ ಎಂದು ಎದೆ ಬಡಿದುಕೊಂಡು, ನನ್ನನ್ನು ಕಳಿಸಿ, ಎಲ್ಲ ಸರಿಮಾಡುತ್ತೇನೆ, ಸಾರ್ಡೀನಿಯಾ ದ್ವೀಪವನ್ನೂ ನಿಮಗೆ ಕಪ್ಪ ಕೊಡುವಂತೆ ಮಾಡುವವರೆಗೆ ಮೈಮೇಲಿನ ಅಂಗಿ ಕಳಚುವುದಿಲ್ಲ ಎಂದು ಶಪಥ ಮಾಡಿದ. ಡೇರಿಯಸ್ ನಂಬಿ ಕಳಿಸಿದ. ಸಾರ್ಡಿಸ್‌ನ ಆರ್ಟಾಫರ್ನಿಸ್ ನಂಬಲಿಲ್ಲ. ಈ ಚಪ್ಪಲಿ ಹೊಲಿದವನು ನೀನು, ಹಾಕಿಕೊಂಡವನು ಅರಿಸ್ಟಾಗೊರಸ್ ಎಂದು ಮುಖಕ್ಕೇ ಹೇಳಿದ. ಅದೇ ರಾತ್ರಿ ಮಾವ ಪರಾರಿ. ತನ್ನ ಊರಾದ ಮಿಲೀಟಸ್‌ಗೆ ಹೋದರೆ ಸ್ವಾತಂತ್ರ್ಯದ ರುಚಿ ಕಂಡ ಜನ ಒಳಗೆ ಬಿಡದೆ ತೊಡೆಗೆ ಗಾಯ ಮಾಡಿ ಕಳಿಸಿದರು. ಕೊನೆಗೆ ಲೆಸ್ಬೋಸ್‌ನವರಿಂದ ಎಂಟು ಹಡಗು ಪಡೆದು ಬೈಜಾಂಟಿಯಂ ಬಳಿ ಕಪ್ಪುಸಮುದ್ರದಿಂದ ಬರುವ ಸರಕು ಹಡಗುಗಳನ್ನು ಹಿಡಿಯತೊಡಗಿದ.

ಅಳಿಯ ಏನಾದ? ದಂಗೆ ಸೈಪ್ರಸ್, ಕೇರಿಯಾಗಳಿಗೆ ಹಬ್ಬಿ, ಅಲ್ಲಿನವರು ನಿಜವಾಗಿ ಸಾಯತೊಡಗಿದಾಗ, ಎಲ್ಲಿಗೆ ಓಡಿದರೆ ಕ್ಷೇಮ ಎಂದು ಸಭೆ ಕರೆದ. ಹತ್ತಿರದ ಲೆರೋಸ್ ದ್ವೀಪದಲ್ಲಿ ಕಾದು ಕೂರು ಎಂದು ಹೆಕಟೇಯಸ್ ಹೇಳಿದ್ದನ್ನು ವಾಡಿಕೆಯಂತೆ ತಳ್ಳಿಹಾಕಿ, ಮಾವನ ಮಿರ್ಕಿನೋಸ್‌ಗೆ ಹಡಗು ಹತ್ತಿದ. ಅಲ್ಲಿ ಒಂದು ಊರಿಗೆ ಮುತ್ತಿಗೆ ಹಾಕುವಾಗ ಥ್ರೇಸಿಯನ್ನರ ಕೈಲಿ ಸತ್ತ. ಬಿಲ್ಲು ಬಾಕಿಯೇ ಉಳಿಯಿತು.

ಅದನ್ನು ಕಟ್ಟುವ ಸರದಿ ಈಗ ಜನರದು. ಕ್ರಿಸ್ತಪೂರ್ವ 494. ಮಿಲೀಟಸ್ ಎದುರಿನ ಲಾಡೆ ದ್ವೀಪದ ಬಳಿ ಅಯೋನಿಯಾದ 353 ಹಡಗುಗಳು ಸೇರಿದವು. ಕಿಯೋಸ್ 100, ಮಿಲೀಟಸ್ 80, ಲೆಸ್ಬೋಸ್ 70, ಸೇಮೋಸ್ 60, ಹೀಗೆ. ಎದುರಾಳಿಗಳದು 600. (ಆ ದ್ವೀಪ ಈಗ ದ್ವೀಪವಲ್ಲ. ನದಿ ಹೂಳು ತುಂಬಿ ಸಮುದ್ರವನ್ನೇ ದೂರ ತಳ್ಳಿದೆ, ಲಾಡೆ ಬಯಲಿನ ನಡುವಿನ ದಿಬ್ಬ.) ಫೋಕಿಯಾದ ಡಯೋನಿಸಿಯಸ್ ತಂದದ್ದು ಮೂರೇ ಹಡಗು, ಆದರೆ ಕಡಲಯುದ್ಧ ಗೊತ್ತಿದ್ದವನು ಅವನೇ. ಸ್ವಲ್ಪ ಕಷ್ಟಪಟ್ಟರೆ ಗೆಲ್ಲುತ್ತೇವೆ, ನನ್ನ ಮಾತು ಕೇಳಿ ಎಂದ. ಕೇಳುತ್ತೇವೆ ಎಂದರು. ದಿನವೂ ಹಡಗುಗಳನ್ನು ಸಾಲುಹಿಡಿಸಿ ಹೊರಗೆ ಒಯ್ದು, ಶತ್ರುಸಾಲನ್ನು ಸೀಳಿ ನುಗ್ಗುವ ವರಸೆ ಕಲಿಸಿದ. ತಾಲೀಮು ಮುಗಿದ ಮೇಲೂ ದಡಕ್ಕೆ ಬಿಡಲಿಲ್ಲ, ಲಂಗರು ಹಾಕಿ ಹಡಗಿನಲ್ಲೇ ಕೂರಿಸಿದ. ಬಿಸಿಲು. ಅಂಗೈಯಲ್ಲಿ ಬೊಬ್ಬೆ. ಏಳು ದಿನ ಸಹಿಸಿದರು. ಎಂಟನೆಯ ದಿನ ಗೊಣಗಾಟ ಎದ್ದಿತು: ಮೂರು ಹಡಗಿನವನಿಗೆ ಇಷ್ಟು ದರ್ಬಾರೇ? ಯಾವ ದೇವರಿಗೆ ಏನು ಅಪಚಾರ ಮಾಡಿದ್ದಕ್ಕೆ ಈ ಶಿಕ್ಷೆ? ಮುಂದೆ ಬರುವ ದಾಸ್ಯ ಹೇಗೇ ಇರಲಿ, ಈಗಿನದಕ್ಕಿಂತ ವಾಸಿ! ಇಳಿದು ಹೋಗಿ ದ್ವೀಪದ ಮೇಲೆ ಡೇರೆ ಹಾಕಿಕೊಂಡು ನೆರಳಲ್ಲಿ ಮಲಗಿದರು.

ಇತ್ತ ಪರ್ಷಿಯನ್ನರು ಆ ಹಳೆಯ ದೊರೆಗಳನ್ನು, ಹೋಗಲಿ ಬಿಡು ಎಂದು ಬಿಡಿಸಿಕೊಂಡವರನ್ನು, ಒಟ್ಟುಗೂಡಿಸಿ ಕೆಲಸ ಹಂಚಿದರು: ನಿಮ್ಮ ನಿಮ್ಮ ಊರಿನವರನ್ನು ನೀವೇ ಒಡೆದು ತನ್ನಿ, ಬಂದವರಿಗೆ ಕ್ಷಮೆ, ಬಾರದವರಿಗೆ ಗತಿ ಏನೆಂದು ತಿಳಿಸಿ. ಮೊದಲು ಯಾವ ಊರೂ ಬಗ್ಗಲಿಲ್ಲ, ಪ್ರತಿ ಊರಿನವರೂ ಈ ಆಮಿಷ ತಮಗೊಬ್ಬರಿಗೇ ಬಂದಿದೆ ಎಂದುಕೊಂಡಿದ್ದರು. ಡೇರೆಯ ನೆರಳು ನೋಡಿದ ಮೇಲೆ ಸೇಮೋಸ್‌ನ ನಾಯಕರಿಗೆ ಆತ್ಮಸಾಕ್ಷಿಯ ಕರೆ ಕೇಳಿಸಿತು. ಯುದ್ಧ ಶುರುವಾದ ಕೂಡಲೇ ಅವರ 49 ಹಡಗುಗಳು ಹಾಯಿ ಬಿಚ್ಚಿ ಮನೆಯ ದಾರಿ ಹಿಡಿದವು. ಪಕ್ಕದಲ್ಲಿದ್ದ ಲೆಸ್ಬೋಸ್‌ನವರು ನೋಡಿ ತಾವೂ ಓಡಿದರು. ಸೇಮೋಸ್‌ನ ಹನ್ನೊಂದು ಹಡಗಿನವರು ಮಾತ್ರ ನಾಯಕರ ಮಾತು ಮೀರಿ ನಿಂತು ಕಾದಿದರು, ಅವರ ಹೆಸರು ಕೊರೆದ ಕಂಬವನ್ನು ಊರವರು ಆಮೇಲೆ ಪೇಟೆಯಲ್ಲಿ ನಿಲ್ಲಿಸಿದರು.

ಕಿಯೋಸ್‌ನವರು ಓಡಲಿಲ್ಲ. ಶತ್ರುಸಾಲನ್ನು ಸೀಳಿ ಸೀಳಿ ಹೊಡೆದರು, ತಮ್ಮ ಹಡಗುಗಳಲ್ಲಿ ಹೆಚ್ಚಿನವು ನಾಶವಾಗುವವರೆಗೆ. ಜಖಂಗೊಂಡ ಹಡಗಿನವರು ಮಿಕಾಲಿ ದಡಕ್ಕೆ ಬಂದು, ಹಡಗು ಬಿಟ್ಟು, ನಡೆದುಕೊಂಡು ಊರ ಕಡೆ ಹೊರಟರು. ರಾತ್ರಿ ಎಫೆಸಸ್ ಸೀಮೆಗೆ ಬಂದಾಗ ಅಲ್ಲಿನ ಹೆಂಗಸರು ಊರ ಹೊರಗೆ ದೇವಿಯ ಹಬ್ಬ ಮಾಡುತ್ತಿದ್ದರು. ಆಯುಧ ಹಿಡಿದ ಗಂಡಸರು ಕತ್ತಲಲ್ಲಿ ಬರುವುದನ್ನು ಕಂಡ ಊರವರು, ಹೆಂಗಸರನ್ನು ಹೊತ್ತೊಯ್ಯಲು ಬಂದ ಕಳ್ಳರೆಂದು ಎಲ್ಲರನ್ನೂ ಕೊಂದರು. ಲಾಡೆಗೆ ಬಂದ ಪಟ್ಟಣಗಳ ಪಟ್ಟಿಯಲ್ಲಿ ಎಫೆಸಸ್ ಹೆಸರಿಲ್ಲ. ಆ ಯುದ್ಧಕ್ಕೆ ಅವರ ಕೊಡುಗೆ ಇದು.

ಡಯೋನಿಸಿಯಸ್ ಶತ್ರುವಿನ ಮೂರು ಹಡಗು ಹಿಡಿದು ಸಿಸಿಲಿಗೆ ಹೋಗಿ ಕಡಲ್ಗಳ್ಳನಾದ. ಕಾರ್ತೇಜಿನವರನ್ನೂ ಎಟ್ರುಸ್ಕನ್ನರನ್ನೂ ದೋಚಿದ, ಗ್ರೀಕರನ್ನು ಮುಟ್ಟಲಿಲ್ಲ. ಈ ಕಥೆಯಲ್ಲಿ ಇಷ್ಟು ಶಿಸ್ತಿನ ಇನ್ನೊಬ್ಬ ದೇಶಪ್ರೇಮಿ ನನಗೆ ಕಾಣಲಿಲ್ಲ. ಮಾವ ಹಿಸ್ಟಿಯಾಯಸ್ ಬೇರೆಯವರ ಹೊಲದಲ್ಲಿ ಪೈರು ಕೊಯ್ಯಲು ಹೋಗಿ ಸಿಕ್ಕಿಬಿದ್ದ. ಚುಚ್ಚಲು ಬಂದ ಸೈನಿಕನಿಗೆ ಪರ್ಷಿಯನ್ ಭಾಷೆಯಲ್ಲೇ ತನ್ನ ಗುರುತು ಹೇಳಿ ಜೀವ ಉಳಿಸಿಕೊಂಡ, ಡೇರಿಯಸ್ ಕಂಡರೆ ಕ್ಷಮಿಸುತ್ತಾನೆ ಎಂದು ಗೊತ್ತಿತ್ತು. ಅದು ಆರ್ಟಾಫರ್ನಿಸ್‌ಗೂ ಗೊತ್ತಿತ್ತು. ಅದಕ್ಕೇ ಸಾರ್ಡಿಸ್‌ನಲ್ಲೇ ಶೂಲಕ್ಕೇರಿಸಿ, ತಲೆಯನ್ನು ಕೆಡದಂತೆ ಸಂಸ್ಕರಿಸಿ ಸೂಸಾಗೆ ಕಳಿಸಿದ. ತಲೆಯ ಮೇಲೆ ಸಂದೇಶ ಬರೆದವನು ತಾನೇ ಸಂದೇಶವಾಗಿ ಹೋದ. ಡೇರಿಯಸ್ ಬೇಸರಪಟ್ಟು, ತೊಳೆಸಿ, ಮರ್ಯಾದೆಯಿಂದ ಮಣ್ಣು ಮಾಡಿಸಿದನಂತೆ.

ಮಿಲೀಟಸ್ ಬಿತ್ತು. ಗಂಡಸರಲ್ಲಿ ಹೆಚ್ಚಿನವರನ್ನು ಕೊಂದರು, ಹೆಂಗಸರು ಮಕ್ಕಳನ್ನು ಗುಲಾಮರಾಗಿಸಿದರು, ಉಳಿದವರನ್ನು ಟೈಗ್ರಿಸ್ ನದಿಯ ಮುಖದ ಹತ್ತಿರದ ಆಂಪೆ ಎಂಬ ಊರಿಗೆ ಸಾಗಿಸಿದರು. ಮರುವರ್ಷ ಆರ್ಟಾಫರ್ನಿಸ್ ಅಯೋನಿಯಾದ ಜಮೀನು ಅಳತೆ ಮಾಡಿಸಿ ಕಪ್ಪ ನಿಗದಿ ಮಾಡಿದ. ಹೆಚ್ಚುಕಡಿಮೆ ಮೊದಲಿನಷ್ಟೇ. ಅದರ ಮರುವರ್ಷ, 492ರಲ್ಲಿ, ಡೇರಿಯಸ್‌ನ ಅಳಿಯ ಮಾರ್ಡೋನಿಯಸ್ ದಂಡು ಕಟ್ಟಿಕೊಂಡು ಬಂದವನು ಅಯೋನಿಯಾದ ನಿರಂಕುಶ ದೊರೆಗಳನ್ನೆಲ್ಲ ಕೆಳಗಿಳಿಸಿ ಊರೂರಿಗೆ ಪ್ರಜಾಪ್ರಭುತ್ವ ಕೊಟ್ಟ. ಹೌದು, ಪರ್ಷಿಯನ್ನನೇ ಕೊಟ್ಟ. ತನ್ನ ಗ್ರೀಕ್ ಓದುಗರಿಗೆ ಇದು ಆಶ್ಚರ್ಯವಾದೀತು ಎಂದು ಹೆರೊಡೋಟಸ್‌ಗೂ ಅನ್ನಿಸಿತ್ತು. ಯಾವುದಕ್ಕಾಗಿ ಎದ್ದರೋ ಅದನ್ನು ಎದುರಾಳಿಯೇ ಕೈಗಿತ್ತ, ಆದರೆ ಪಡೆದುಕೊಳ್ಳಲು ಮಿಲೀಟಸ್‌ನಲ್ಲಿ ಹಳಬರು ಉಳಿದಿರಲಿಲ್ಲ.

ಅಥೆನ್ಸ್ ಅತ್ತಿತು. ಫ್ರಿನಿಕಸ್ ಎಂಬ ನಾಟಕಕಾರ ‘ಮಿಲೀಟಸ್ ಪತನ’ ಎಂಬ ನಾಟಕ ಬರೆದು ಆಡಿಸಿದಾಗ ಇಡೀ ರಂಗಮಂದಿರ ಬಿಕ್ಕಿಬಿಕ್ಕಿ ಅತ್ತಿತು. ಅತ್ತು ಮುಗಿಸಿ ಕಣ್ಣೊರೆಸಿಕೊಂಡು, ಸ್ವಂತದವರ ದುಃಖವನ್ನು ನೆನಪಿಸಿದ ಅಪರಾಧಕ್ಕೆ ಅವನಿಗೆ 1000 ದ್ರಾಕ್ಮಾ ದಂಡ ಹಾಕಿತು. ಅದೇ ಶತಮಾನದ ಕೊನೆಗೂ ಆ ಊರಲ್ಲಿ ನುರಿತ ಕೆಲಸಗಾರನ ದಿನಗೂಲಿ ಒಂದು ದ್ರಾಕ್ಮಾ. ನಾಟಕವನ್ನು ಇನ್ನು ಯಾರೂ ಆಡಕೂಡದು ಎಂದೂ ಅಪ್ಪಣೆಯಾಯಿತು. 20 ಹಡಗು ಕಳಿಸಿ ಅರ್ಧದಲ್ಲಿ ವಾಪಸ್ ಕರೆಸಿಕೊಂಡವರಿಗೆ ದಂಡ ಬಿದ್ದ ಸುದ್ದಿ ಹೆರೊಡೋಟಸ್‌ನಲ್ಲಿ ಎಲ್ಲೂ ಇಲ್ಲ.